ಬಲಗಡೆಯ ಬಾಗಿಲು

"ಮುಟ್ಟಬ್ಯಾಡ್ರಿ, ಥೋಡೆ ನಿಂದ್ರಿರಿ. ಈಗ ತಾನಾಗೇ ತೆರೀತದ," ಎಂದಳು ಬಂಡಮ್ಮ.

ಅಮರನಾಥ ನಟ್ಟು ಬಿಚ್ಚಲು ಕೈಯಲ್ಲಿ ತೆಗೆದುಕೊಂಡಿದ್ದ ಪಾನಾವನ್ನು ಹಾಗೆಯೇ ಹಿಡಿದು ನಿಂತ. ಕಂಗ್ಟಿಯ ಆ ಮನೆಯ ಹಿತ್ತಲಲ್ಲಿ ಕರು ಕಟ್ಟುವ ಗುಡಿಸಲಿಗೆ ಕಾರಿನ ಬಾಗಿಲೊಂದನ್ನು ಹಚ್ಚಿದ್ದರು. ಬೇವಿನ ಗೂಟಕ್ಕೆ ಅದರ ಬಿಜಾಗರಿಯನ್ನು ಮೊಳೆ ಹೊಡೆದು ನಿಲ್ಲಿಸಿ, ಇನ್ನೊಂದು ಬದಿಯನ್ನು ದಪ್ಪ ತಂತಿಯಿಂದ ಸುತ್ತಿದ್ದರು. ಗಾಜಿದ್ದ ಜಾಗಕ್ಕೆ ಗೋಣಿಚೀಲ ಹೊಲಿದಿತ್ತು. ಸಗಣಿ ಸಿಡಿದು ಒಣಗಿದ್ದ ಕಡೆ ಬಿಟ್ಟರೆ ಉಳಿದೆಡೆ ಹಳದಿ ಬಣ್ಣ ಇನ್ನೂ ಮಾಸಿರಲಿಲ್ಲ. ಸೂರ್ಯ ನೆತ್ತಿಗೆ ಬಂದಿದ್ದ. ಬೇವಿನ ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಒಳಗೆ ಮಲಗಿದ್ದ ಕರು ಎದ್ದು ನಿಂತಿತು. ಬಳಿಕ ತಂತಿ ಕಿರ್ರೆಂದು ಸಡಿಲಾಯಿತು. ಬಾಗಿಲು ಮೆಲ್ಲಗೆ, ಯಾರೋ ಒಳಗಿಂದ ಹುಷಾರಾಗಿ ತಳ್ಳಿದ ಹಾಗೆ ತೆರೆದುಕೊಂಡು, ಅರ್ಧಕ್ಕೆ ಬಂದು ನಿಂತಿತು.

ಅಮರನಾಥನ ಜೊತೆ ಬಂದಿದ್ದ ಮೆಕ್ಯಾನಿಕ್ ದೇವಿದಾಸ ನಗಲು ನೋಡಿದ. "ಬಿಸಿಲಿಗೆ ಕಬ್ಬಿಣ ಹಿಗ್ತದ ಆಯಿ."

"ಮಳಿಗಾಲದಾಗೂ ಹಿಗ್ತದೇನಪ್ಪ ನಿಮ್ಮ ಕಬ್ಬಿಣ?" ಎಂದಳು ಬಂಡಮ್ಮ. "ನಮ್ಮ ಕರುಕ್ಕ ಗಡಿಯಾರದ ಗರಜೇ ಇಲ್ಲ. ಬಾಗಿಲು ತೆರೀತು ಅಂದ್ರ ನೀರು ಕುಡಿಯೋ ಹೊತ್ತು."

"ಮೊದಲಿಂದ ಹಿಂಗೇ ಅದೇನು?" ಎಂದು ಅಮರನಾಥ ಕೇಳಿದ.

"ಮೊದಲಿಂದ. ನಿಮ್ಮ ಮುತ್ಯಾ ಕೊಡೂವಾಗೇ ಹೇಳ್ಯಾರ. ಅವತ್ತ ತೆರದಿದ್ದ ಬಾಗಿಲು ಇದೇ, ಛಲೋತ್ನಂಗ ಮುಚ್ಚಿಡ್ರಿ ಅಂತ. ನಮ್ಮ ಮನಿಯವರು ಇರೂತನಕ ತಂತಿ ಸುತ್ತಿ ಸುತ್ತಿ ಸಾಕಾಗಿ ಹೋದ್ರು. ಒಯ್ಯಪ್ಪ, ಒಯ್ದು ಪುಣ್ಯಾ ಕಟ್ಕೋ."

ಅವರು ಮೊಳೆ ಕಿತ್ತು ಬಾಗಿಲನ್ನು ಹೊತ್ತು ಟೆಂಪೊದಲ್ಲಿ ಇಡುವಷ್ಟರಲ್ಲಿ ಬಂಡಮ್ಮ ಒಳಗೆ ಹೋಗಿ ಬಂದಳು. ಇಷ್ಟು ವರ್ಷ ಮನೆಯಲ್ಲಿದ್ದದ್ದನ್ನು ಖಾಲಿ ಕಳಿಸಬಾರದೆಂದು ಬಾಗಿಲಿನ ಹಿಡಿಕೆಗೆ ಕುಂಕುಮ ಹಚ್ಚಿ, ಅದರ ಮೇಲೆ ಒಂದು ಹಿಡಿ ಜೋಳ ಹಾಕಿದಳು. ಟೆಂಪೊ ಓಣಿ ತಿರುಗುವವರೆಗೂ ನಿಂತು ನೋಡಿದಳು. ಅವಳ ಮುಖದಲ್ಲಿದ್ದದ್ದು ಬೇಸರವೇನೂ ಅಲ್ಲ.

ಅಮರನಾಥನ ತಂದೆ ವೀರಪ್ಪ ಮಸ್ಕತ್ತಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕಿದ್ದವನು. ಅಲ್ಲಿಂದ ಹೊಳ್ಳಿ ಬರುವಾಗ ಹಡಗಿನಲ್ಲಿ ಮುಂಬಯಿಗೆ ಒಂದು ಕಾರು ಇಳಿಸಿಕೊಂಡು, ಅದನ್ನು ತಾನೇ ಓಡಿಸಿಕೊಂಡು ಸಿರ್ಗಾಪುರಕ್ಕೆ ಬಂದಿದ್ದ. ಜಪಾನಿನ ಟೊಯೋಟಾ ಸೆಲಿಕಾ. ಎರಡೇ ಬಾಗಿಲು, ಉದ್ದನೆಯ ಮೂತಿ, ನೆಲಕ್ಕೆ ತಾಗುವಷ್ಟು ತಗ್ಗು. ಎತ್ತಿನ ಗಾಡಿ ಮತ್ತು ಜೀಪು ಬಿಟ್ಟರೆ ಬೇರೆ ಕಾಣದ ಆ ದಾರಿಗಳಲ್ಲಿ ಅದು ಹಾರುವ ಹಾಗೆ ಹೋಗುತ್ತಿತ್ತಂತೆ. ಮಸ್ಕತ್ತಿನ ಗಾಡಿಯಾದ್ದರಿಂದ ಅದರ ಸ್ಟೇರಿಂಗು ಎಡಗಡೆಗಿತ್ತು. ನಮ್ಮ ಕಡೆಯ ಜನ ರೂಢಿಯಂತೆ ಬಲಗಡೆಯ ಗಾಜಿನಲ್ಲಿ ನೋಡುವರು; ಅಲ್ಲಿ ಯಾರೂ ಇರುತ್ತಿರಲಿಲ್ಲ. ಡ್ರೈವರ್ ಇಲ್ಲದ ಗಾಡಿ ಎಂದು ಕಲ್ಹೇರಿನ ಸಂತೆಯಲ್ಲಿ ಒಬ್ಬಳು ಮುದುಕಿ ಹೆದರಿ ಕಾಯಿಪಲ್ಲೆಯ ಬುಟ್ಟಿ ಬಿಟ್ಟು ಓಡಿದ್ದನ್ನು ವೀರಪ್ಪ ಮನೆಗೆ ಬಂದವರಿಗೆಲ್ಲ ಹೇಳಿ ನಗುತ್ತಿದ್ದನಂತೆ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಆ ಕಾರು ಸಿರ್ಗಾಪುರದಿಂದ ಕಂಗ್ಟಿಗೆ ಹೋಗುವ ದಾರಿಯಲ್ಲಿ ನಿಂತಿತ್ತು. ಕೀಲಿ ಅದರಲ್ಲಿಯೇ ಇತ್ತು. ಡ್ರೈವರ್ ಬಾಗಿಲು ತೆರೆದಿತ್ತು ಎಂದು ನೋಡಿದವರೆಲ್ಲ ಹೇಳಿದರು. ವೀರಪ್ಪ ಇರಲಿಲ್ಲ. ಅವತ್ತಿನಿಂದ ಈವತ್ತಿನವರೆಗೆ ಅವನನ್ನು ಕಂಡವರಿಲ್ಲ. ಆಗ ಅಮರನಾಥ ತೊಟ್ಟಿಲ ಕೂಸು.

ವೀರಪ್ಪನ ತಂದೆ ಗುರುಲಿಂಗಪ್ಪ ಬಾವಿ, ಹಳ್ಳ, ಆಸ್ಪತ್ರೆ, ಠಾಣೆ ಎಲ್ಲ ತಿರುಗಿದ ಮೇಲೆ ಎತ್ತು ಹೂಡಿ ಕಾರನ್ನು ಮನೆಗೆ ಎಳೆಸಿದ. ಯಾರಿಗೂ ಕೀಲಿ ತಿರುಗಿಸಲು ಬಿಡಲಿಲ್ಲ. ನಾರಾಯಣಖೇಡದಿಂದ ಇಬ್ಬರು ಮಿಸ್ತ್ರಿಗಳನ್ನು ಕರೆಸಿ ಬಿಚ್ಚಿಸಿದ. ಕೂಡಿ ಒಂದೇ ಕಡೆ ಇದ್ದರೆ ಅದು ಮತ್ತೆ ಯಾರನ್ನಾದರೂ ಕರಕೊಂಡು ಹೋಗುತ್ತದೆ ಎಂಬುದು ಅವನ ಮಾತಾಗಿತ್ತು. ಸುಡಲಿಲ್ಲ, ಮಾರಲಿಲ್ಲ, ಮಗನ ದುಡಿಮೆಯದು. ಇಂಜಿನ್ನು ಕಲ್ಹೇರಿನ ಕಾಶಿರಾಮನ ಮನೆಗೆ ಹೋಯಿತು. ಬಾನೆಟ್ಟು, ದೀಪ, ಗಾಲಿಗಳು ಒಂದೊಂದು ಊರಿನ ಒಂದೊಂದು ಮನೆಗೆ ಹೋದವು. ಬರಿಯ ಮೈ ತಾಂಡೂರಿಗೆ, ಅಮರನಾಥನ ಸೋದರಮಾವ ರಾಜರತ್ನನ ಶಹಾಬಾದಿ ಕಲ್ಲಿನ ಪಾಲಿಶ್ ಕಾರ್ಖಾನೆಗೆ ಹೋಯಿತು. ಆಮೇಲೆ ಮನೆಯವರು ಸಿರ್ಗಾಪುರ ಬಿಟ್ಟು ಜಹೀರಾಬಾದಿಗೆ ಬಂದರು.

ವೀರಪ್ಪನಿಗೆ ಮಣ್ಣು ಕೊಡಲಿಲ್ಲ. ಕೊಡಲು ದೇಹವಿರಲಿಲ್ಲ. ಹಾಗಾಗಿ ಮನೆಯ ಲೆಕ್ಕದಲ್ಲಿ ಅವನು ಇದ್ದಾನೆ. ಅಮರನಾಥನ ಮದುವೆಯ ಪತ್ರಿಕೆಯಲ್ಲಿ ಅವನ ಹೆಸರು ಲಿಂಗೈಕ್ಯನೆಂದು ತಿಳಿಸುವ 'ಲಿಂ.' ಎಂಬ ಅಕ್ಷರವಿಲ್ಲದೆ ಅಚ್ಚಾಗಿತ್ತು. ವೀರಪ್ಪನ ಹೆಂಡತಿ ಶಕುಂತಲಾಬಾಯಿ ದಿನಾ ವಿಭೂತಿಯ ಕೆಳಗೆ ಕಾಸಗಲ ಕುಂಕುಮ ಇಟ್ಟುಕೊಳ್ಳುತ್ತಾಳೆ, ಹಸಿರು ಬಳೆ ಹಾಕಿಕೊಳ್ಳುತ್ತಾಳೆ. ಹಿರಿಯರಿಗೆ ಎಡೆ ಹಿಡಿಯುವ ದಿನ ಮಾವನಿಗೆ, ಅತ್ತೆಗೆ ಹಿಡಿಯುತ್ತಾಳೆ, ಗಂಡನಿಗಿಲ್ಲ.

"ಗಾಡಿ ಕೆಟ್ಟಿರಬೇಕು," ಎಂದೇ ಅವಳು ಮಗನಿಗೆ ಹೇಳಿ ಬೆಳೆಸಿದಳು. "ಗಾಡಿ ಕೆಟ್ಟು, ಯಾರನಾ ಕರ್ಕೊಂಡು ಬರಾಕ ಹೋಗ್ಯಾರ. ಹೋದಲ್ಲಿ ಏನಾತೋ ಏನೋ."

ಊರಿನವರು ಬೇರೆ ಹೇಳುತ್ತಿದ್ದರು. ಮಸ್ಕತ್ತಿನಲ್ಲಿ ಇನ್ನೊಂದು ಸಂಸಾರವಿತ್ತು ಎಂದರು. ಶಾಲೆಯಲ್ಲಿ, ಹೋಟೆಲಿನಲ್ಲಿ, ಬಸ್ಸಿನಲ್ಲಿ ಅಮರನಾಥ ಅದನ್ನು ಕೇಳಿಯೇ ದೊಡ್ಡವನಾದ. ಗಾಡಿಯ ಸಾಮಾನು ಮಾರುವ ಅಂಗಡಿ ಹಾಕಿದ ಮೇಲೆ ಒಂದು ವಿಚಾರ ಅವನ ತಲೆ ಹೊಕ್ಕು ಕೂತಿತು. ಗಾಡಿ ಕೆಟ್ಟಿದ್ದರೆ ಅಪ್ಪ ಸಹಾಯಕ್ಕೆಂದು ಇಳಿದವನು, ಬರಲಾಗದೆ ಹೋದವನು. ಗಾಡಿ ಸರಿ ಇದ್ದರೆ ಅಪ್ಪ ತಮ್ಮನ್ನು ಬಿಟ್ಟು ಹೋದವನು. ಯಾರೂ ಕೀಲಿ ತಿರುಗಿಸಿ ನೋಡಿಲ್ಲ. ಅಂದಮೇಲೆ ಅವತ್ತು ಮುರಿದದ್ದೇನಾದರೂ ಇದ್ದರೆ ಅದು ಇನ್ನೂ ಮುರಿದೇ ಇರಬೇಕು, ಯಾವುದೋ ಒಂದು ಮನೆಯಲ್ಲಿ.

ಹಳೆಯ ಗಾಡಿ ಕಟ್ಟುವವರು ಒಳ್ಳೆಯ ಸಾಮಾನು ಹುಡುಕಿಕೊಂಡು ತಿರುಗುತ್ತಾರೆ. ಅಮರನಾಥ ಹುಡುಕುತ್ತಿದ್ದದ್ದು ಕೆಟ್ಟ ಸಾಮಾನನ್ನು.

ಅದಕ್ಕೇ ಅವನೊಂದು ನೇಮ ಮಾಡಿಕೊಂಡಿದ್ದ. ವಯಸ್ಸು ತಿಂದದ್ದನ್ನು ಬದಲಿಸಬಹುದು: ರಬ್ಬರು, ವಾಶರು, ಪೈಪು, ಬ್ಯಾಟರಿ. ಕಬ್ಬಿಣ ಹಿತ್ತಾಳೆಯದನ್ನು ಬದಲಿಸಬಾರದು. ಹೈದರಾಬಾದಿನಲ್ಲಿ ಹಳೆಯ ಜಪಾನಿ ಗಾಡಿಗಳ ಹುಚ್ಚಿನ ಕೆಲವರ ಪರಿಚಯವಾಯಿತು. ಅವರ ಮೂಲಕ ಕ್ಲಚ್ಚಿನ ರಬ್ಬರು, ಬಾಗಿಲಿನ ಪಟ್ಟಿ ಸಿಕ್ಕವು. ಕಾರ್ಬೊರೇಟರಿನ ವಾಶರುಗಳು ಎಲ್ಲಿಯೂ ಸಿಗದೆ ಕೊನೆಗೆ ಮಸ್ಕತ್ತಿನಿಂದಲೇ ಬಂದವು. ಆ ಪೊಟ್ಟಣ ಬಿಚ್ಚುವಾಗ ಶಕುಂತಲಾಬಾಯಿ ಹತ್ತಿರ ಬಂದು ಕೂತು, ಖಾಲಿ ಡಬ್ಬಿಯನ್ನು ಮೂಗಿಗೆ ಹಿಡಿದು ನೋಡಿದ್ದಳು. ಮಗ ಗಾಡಿ ಕೂಡಿಸುತ್ತಾನೆಂದಾಗ ಅವಳು ಹೂಂ ಎನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ಕಲ್ಹೇರಿನಲ್ಲಿ ಇಂಜಿನ್ನು ಜೋಳದ ಚೀಲಗಳ ನಡುವೆ ಗೋಣಿ ಸುತ್ತಿಕೊಂಡು ಕೂತಿತ್ತು. ಮೇಲೆ ಬೆಕ್ಕೊಂದು ಮರಿಗಳ ಸಮೇತ ಮಲಗಿತ್ತು. "ಛಳಿಗಾಲ ಬಂತಂದ್ರ ಬೆಕ್ಕು ಅಲ್ಲೇ ಈಯ್ತದ ನೋಡ್ರಿ. ಬೆಚ್ಚಗಿರ್ತದ," ಎಂದ ಕಾಶಿರಾಮ. ಅಮರನಾಥ ಗೋಣಿಯೊಳಗೆ ಕೈ ಹಾಕಿದ. ಬೆಕ್ಕಿನ ಕಾವಿರಬೇಕು, ಇಲ್ಲವೆ ಧಾನ್ಯದ ಕಾವಿರಬೇಕು. ಬೆಕ್ಕು ಮಲಗಿರದ ಕೆಳಭಾಗವನ್ನೂ ಮುಟ್ಟಿ ನೋಡಿ ಕೈ ತೆಗೆದ. ದೇವಿದಾಸ ಅದನ್ನು ಜಹೀರಾಬಾದಿಗೆ ತಂದು ತೆರೆದಾಗ ಒಳಗೆ ಎಣ್ಣೆ ಜೇನಿನ ಹಾಗಿತ್ತು. ಚೈನು ಹರಿದಿರಲಿಲ್ಲ, ಪಿಸ್ಟನ್ನು ಹಿಡಿದಿರಲಿಲ್ಲ.

"ನಿನ್ನೆ ಬಂದ್ ಮಾಡಿದಂಗದಲ್ಲೋ ಸೇಠ್," ಎಂದ ದೇವಿದಾಸ. ಅಮರನಾಥ ಚೈನನ್ನು ಇನ್ನೊಮ್ಮೆ ಬೆರಳಿನಿಂದ ತಡವಿ ನೋಡಿದ.

ತಾಂಡೂರಿನಲ್ಲಿ ಗಾಡಿಯ ಮೈ ಕಲ್ಲಿನ ಪುಡಿಯಲ್ಲಿ ಹೂತು ಹೋಗಿತ್ತು. ಬಲಗಡೆ ಬಾಗಿಲಿಲ್ಲದ ತೆರಪು. ಎಡಗಡೆಯ ಬಾಗಿಲು ಇನ್ನೂ ಮೈಗೇ ಇತ್ತು. ಅದು ಒಳಗಿನಿಂದ ಚಿಲಕ ಬಿದ್ದು, ಗಾಜು ಏರಿಸಿದ ಹಾಗೆಯೇ ಜಾಮಾಗಿ ಹೋಗಿ, ಅವತ್ತಿನ ಮಿಸ್ತ್ರಿಗಳಿಗೂ ಬಿಚ್ಚಲು ಬಂದಿರಲಿಲ್ಲ. ಹಗಲೆಲ್ಲ ಕಲ್ಲು ಕೊಯ್ಯುವ ಆ ಜಾಗದಲ್ಲಿ ಮರಕ್ಕೆ, ಮನುಷ್ಯರ ರೆಪ್ಪೆಗೆ, ಚಹಾದ ಲೋಟಕ್ಕೆ ಬಿಳಿ ಪುಡಿ ಕೂರುತ್ತದೆ. ಗಾಡಿಯ ಒಳಗೆ ಎಲ್ಲೆಡೆ ಅದು ಬೆರಳುದ್ದ ಬಿದ್ದಿತ್ತು. ಸ್ಟೇರಿಂಗಿನ ಮುಂದಿನ ಸೀಟಿನ ಮೇಲೆ ಮಾತ್ರ ಇರಲಿಲ್ಲ. ಅಲ್ಲಿ ಕಪ್ಪು ರೆಕ್ಸಿನ್ನು ಈಗಷ್ಟೇ ಯಾರೋ ಎದ್ದು ಹೋದ ಹಾಗೆ ಹೊಳೆಯುತ್ತಿತ್ತು. "ಕೆಲಸದವರು ಮಧ್ಯಾಹ್ನ ಮಲಗ್ತಿರಬೇಕು," ಎಂದ ರಾಜರತ್ನ. ಪಕ್ಕದಲ್ಲಿ ನಿಂತಿದ್ದ ಕೆಲಸದವನೊಬ್ಬ ತಲೆ ತಗ್ಗಿಸಿ ಬೇರೆ ಕಡೆ ಹೋದ.

ಬಾನೆಟ್ಟು ಬಂತು, ರೇಡಿಯೇಟರು ಬಂತು, ಪೆಟ್ರೋಲಿನ ಟಾಕಿ ಬಂತು. ಒಂದೊಂದನ್ನೂ ಅಮರನಾಥ ಬೆಳಕಿಗೆ ಹಿಡಿದು, ಉಗುರಿನಿಂದ ಬಡಿದು, ಊದಿ ನೋಡಿದ. ಎಲ್ಲವೂ ಸರಿ ಇದ್ದವು.

ಅಷ್ಟರಲ್ಲಿ ಮಗಳು ಮನೀಷಾಳ ಮದುವೆ ಗೊತ್ತಾಯಿತು. ಗಂಡಿನ ಕಡೆಯವರು ಬೀದರ ಸೀಮೆಯವರು. ಒಳ್ಳೆಯ ಜನ. ಪತ್ರಿಕೆಯ ಕರಡು ನೋಡಿ ಒಂದೇ ಮಾತು ಕೇಳಿದರು, ಅದೂ ನೇರವಾಗಿ ಅಲ್ಲ, ಅಮರನಾಥನ ಹೆಂಡತಿ ಪ್ರೇಮಲಾಳ ಮೂಲಕ.

"ಮಾವನವರ ಹೆಸರಿನ ಮುಂದ ಲಿಂ. ಹಾಕೋದೋ ಬ್ಯಾಡೋ ಅಂತ ಕೇಳ್ಯಾರ," ಎಂದಳು ಪ್ರೇಮಲಾ, ಊಟಕ್ಕೆ ಬಡಿಸುತ್ತ. "ತಪ್ಪು ತಿಳ್ಕೋಬ್ಯಾಡ್ರಿ ಅಂತನೂ ಅಂದಾರ. ಸುರಗಿಯ ನೂಲು ಸುತ್ತಾಕ, ಆರತಿ ಮಾಡಾಕ ಅತ್ತೆವ್ವ ಕೂಡಬೇಕಲ್ಲ. ಮುತ್ತೈದಿ ಹೌದೋ ಅಲ್ಲೋ ಅಂತ ಅವರಿಗೂ ಅನಸ್ತದ."

ಶಕುಂತಲಾಬಾಯಿ ಅಲ್ಲಿಯೇ ಕೂತು ರೊಟ್ಟಿ ಮುರಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಸ್ವಾಮ್ಯಾರಿಗಿ ಕೇಳಿದ್ರ ಏನನಾ ದಾರಿ ಹೇಳ್ತಾರ," ಎಂದಳು ಪ್ರೇಮಲಾ ಮೆತ್ತಗೆ. "ದೇಹ ಇಲ್ಲಂದ್ರೂ ಕ್ರಿಯಾ ಮಾಡಿ ಮುಗಸಬಹುದಂತ."

"ಪ್ರೆಸ್ಸಿನವಗ ಥೋಡೆ ದಿನ ತಡಿ ಅನ್ನು," ಎಂದಳು ಶಕುಂತಲಾಬಾಯಿ. "ಅವನ ಗಾಡಿ ಆಗಲಿ."

ಹಾಗೆ ಎಲ್ಲವೂ ಬಂದು ಗಾಡಿಯ ಮೇಲೆ ನಿಂತಿತು.

ಕಂಗ್ಟಿಯ ಬಾಗಿಲು ಕೊನೆಯದು. ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಗಾಡಿ ತನ್ನ ನಾಲ್ಕು ಗಾಲಿಗಳ ಮೇಲೆ ನಿಂತಿತ್ತು. ದೇವಿದಾಸ ಬಾಗಿಲನ್ನು ತೊಳೆದು, ಕುಂಕುಮವಿದ್ದ ಹಿಡಿಕೆಯನ್ನು ಮಾತ್ರ ಬಿಟ್ಟು ಉಜ್ಜಿ, ಎತ್ತಿಕೊಂಡು ಬಂದ. ಎಡಗಡೆ ಹೋಗಿ ನಿಂತ. ಅಲ್ಲಿ ಬಾಗಿಲಿತ್ತು. ಬಾಯಲ್ಲಿದ್ದ ಗುಟ್ಕಾ ಉಗುಳಿ ಬಂದು ಬಲಗಡೆಗೆ ಸುತ್ತಿದ.

"ಏ ಸೇಠ್, ಆ ಮುದುಕಿ ತೆರದಿದ್ದ ಬಾಗಿಲು ಇದೇ ಅಂದಳಲ್ಲ? ಡ್ರೈವರ್ ಬಾಗಿಲು ತೆರದಿತ್ತು ಅಂತ ಇಡೀ ಮುಲುಕು ಹೇಳ್ತದಲ್ಲ? ಇದು ಡ್ರೈವರ್ ಬಾಗಿಲಲ್ಲ ತಗೋ."

ಅಮರನಾಥ ಗಾಡಿಯ ಮುಂದೆ ನಿಂತಿದ್ದ. ಬಲಗಡೆಗೆ ಹಿಡಿದ ಬಾಗಿಲನ್ನು ನೋಡಿದ. ಎಡಗಡೆಯ ಸ್ಟೇರಿಂಗನ್ನು ನೋಡಿದ. ಇದು ಇಷ್ಟು ದಿನ ಕಣ್ಣ ಮುಂದೆಯೇ ಇತ್ತು. ಗಾಡಿಯನ್ನು ಮೊದಲು ಕಂಡವರು ಹೊಲಕ್ಕೆ ಹೋಗುವ ಜನ. ಬಲಗಡೆಯ ಬಾಗಿಲು ತೆರೆದದ್ದು ಕಂಡರು. ಅವರು ಕಂಡ ಎಲ್ಲ ಗಾಡಿಗಳಲ್ಲಿ ಅದೇ ಡ್ರೈವರನ ಬಾಗಿಲು. ಹಾಗೆಂದೇ ಹೇಳಿದರು. ಗುರುಲಿಂಗಪ್ಪನಿಗೆ ಹಾಗೆಂದೇ ಕೇಳಿಸಿತು. ಠಾಣೆಯಲ್ಲೂ ಹಾಗೆಂದೇ ಬರೆದುಕೊಂಡರು. ವೀರಪ್ಪ ಕೂತಿದ್ದ ಕಡೆಯ ಬಾಗಿಲು ಮಾತ್ರ ಒಳಗಿನಿಂದ ಚಿಲಕ ಹಾಕಿದ್ದು ಹಾಕಿದ ಹಾಗೆ, ಗಾಜು ಏರಿಸಿದ್ದು ಏರಿಸಿದ ಹಾಗೆ ಇತ್ತು. ಈಗಲೂ ಇದೆ.

"ಹಂಗಾದ್ರ ಬಾಜೂಕ ಯಾರೋ ಕೂತಿದ್ರು," ಎಂದ ದೇವಿದಾಸ. ಬಾಗಿಲು ಹೊತ್ತ ತೋಳು ಸೋತು ಅದನ್ನು ನೆಲಕ್ಕಿಳಿಸಿದ. "ಇಳದವರು ಅವರು. ನಿಮ್ಮಪ್ಪಾರು ಇಳದೇ ಇಲ್ಲ."

"ಹಚ್ಚು," ಎಂದ ಅಮರನಾಥ.

ಬಾಗಿಲು ತನ್ನ ಜಾಗದಲ್ಲಿ ಕೂತಿತು. ಮುಚ್ಚಿದರೆ ಕೂದಲು ಹೋಗುವ ಸಂದೂ ಉಳಿಯಲಿಲ್ಲ. ಜಾಮಾಗಿದ್ದ ಎಡಗಡೆಯ ಚಿಲಕವನ್ನು ದೇವಿದಾಸ ಎಣ್ಣೆ ಬಿಟ್ಟು, ತಾಸುಗಟ್ಟಲೆ ಅಲುಗಾಡಿಸಿ ಬಿಡಿಸಿದ. ಅಮರನಾಥ ಆ ಕಡೆಯಿಂದ ಒಳಗೆ ಹೋಗಿ ಕೂತ. ಹೊಸ ಬ್ಯಾಟರಿ, ಹೊಸ ಪೆಟ್ರೋಲು. ಅಪ್ಪನ ಕೀಲಿ. ಸೆಲ್ಫ್ ಹೊಡೆಯುವಾಗ ಅವನು ಕಣ್ಣು ಮುಚ್ಚಿದ್ದ. ಆಗದಿರಲಿ, ಒಂದೇ ಒಂದು ಸಾಮಾನು ಸತ್ತಿರಲಿ ಎಂದು ಅವನ ಬಾಯಿ ತಾನೇ ಅಂದುಕೊಳ್ಳುತ್ತಿತ್ತು.

ಮೊದಲ ಸುತ್ತಿಗೇ ಇಂಜಿನ್ನು ಹಿಡಿಯಿತು. ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ. ಯಾರೋ ಮಾತಿನ ನಡುವೆ ನಿಲ್ಲಿಸಿ, ಅಲ್ಲಿಂದಲೇ ಮುಂದುವರಿಸಿದ ಹಾಗಿತ್ತು.

ಮರುದಿನ ಬೆಳಿಗ್ಗೆ ಮನೆಯ ಮುಂದೆ ಗಾಡಿಗೆ ಪೂಜೆ. ಪ್ರೇಮಲಾ ಕಾಯಿ ಒಡೆದಳು, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಳು. ಅಮರನಾಥ ತಾಯಿಗೆ ಇನ್ನೂ ಏನನ್ನೂ ಹೇಳಿರಲಿಲ್ಲ. ಗಾಡಿ ಕೆಟ್ಟಿರಲಿಲ್ಲ ಎಂಬುದನ್ನು ಹೇಗೆ ಹೇಳುವುದು, ಬಾಗಿಲಿನ ವಿಷಯ ಹೇಳುವುದೋ ಬೇಡವೋ ಎಂದು ರಾತ್ರಿಯಿಡೀ ಯೋಚಿಸಿದ್ದ. ಅಪ್ಪನ ಜೊತೆ ಯಾವಳೋ ಕೂತಿದ್ದಳು ಎಂದು ಈ ವಯಸ್ಸಿನಲ್ಲಿ ಅವಳಿಗೆ ಹೇಳಬೇಕೇ?

"ಮೊದಲ ಹಿರ್ಯಾರು ಕುಂದರ್ಲಿ," ಎಂದಳು ಪ್ರೇಮಲಾ. "ಈ ಕಡಿ ಬರ್ರಿ ಅತ್ತೆವ್ವಾ," ಎಂದು ಅವಳು ರೂಢಿಯಂತೆ ಎಡಗಡೆಗೆ ಹೋಗಿ ಹಿಡಿಕೆಗೆ ಕೈ ಹಾಕಿದಳು. ಒಳಗೆ ಸ್ಟೇರಿಂಗು ಕಂಡು ಹಿಂದೆ ಸರಿದಳು.

ಶಕುಂತಲಾಬಾಯಿ ಆ ಕಡೆ ಬಂದೇ ಇರಲಿಲ್ಲ. ನೆಟ್ಟಗೆ ಬಲಗಡೆಗೆ ನಡೆದಳು. ಸೆರಗನ್ನು ಎತ್ತಿ ಹಿಡಿದು, ತಲೆ ತಗ್ಗಿಸಿ, ಮೊದಲು ಕೂತು ಆಮೇಲೆ ಎರಡೂ ಕಾಲುಗಳನ್ನು ಜೋಡಿಸಿ ಒಳಗೆ ಎಳೆದುಕೊಂಡಳು; ಆ ತಗ್ಗಿನ ಗಾಡಿಗೆ ಹತ್ತುವ ರೀತಿಯೇ ಅದು. ಶೆಡ್ಡಿನಲ್ಲಿ ಕೆಲಸ ಮಾಡುವಾಗ ಅಮರನಾಥನಿಗೆ ಅದು ರೂಢಿಯಾಗಲು ವಾರ ಹಿಡಿದಿತ್ತು. ಕೂತವಳು ಕೆಳಗೆ ನೋಡದೆಯೇ ಸೀಟಿನ ಬದಿಗೆ ಕೈ ಇಳಿಸಿ, ಅಲ್ಲಿದ್ದ ಸಣ್ಣ ಹಿಡಿಕೆಯನ್ನು ಎತ್ತಿ, ಸೀಟನ್ನು ಮುಂದಕ್ಕೆ ಸರಿಸಿಕೊಂಡಳು.

'ಆ ಗಾಡ್ಯಾಗ ನಾ ಒಂದಿನಾನೂ ಕೂತಿಲ್ಲಪ್ಪ' ಎಂದು ಅವಳು ಜೀವಮಾನವಿಡೀ ಹೇಳುತ್ತ ಬಂದಿದ್ದಳು.

"ನಡಿ," ಎಂದಳು.

"ಎಲ್ಲಿಗಿ ಅವ್ವ?"

"ನಮ್ಮೂರ ಕಡಿ."

ಗಾಡಿ ನಾರಾಯಣಖೇಡ ದಾಟಿತು. ಎದುರಿಗೆ ಬಂದ ಆಟೋದವನೊಬ್ಬ ಬಲಗಡೆಯ ಗಾಜಿನಲ್ಲಿ ಮುದುಕಿಯೊಬ್ಬಳು ಕೈಕಟ್ಟಿ ಕೂತದ್ದು ಕಂಡು ಬಾಯಿ ತೆರೆದ. ಮರುದಿನ ಎಳ್ಳಮಾವಾಸ್ಯೆ. ಹೊಲಗಳಲ್ಲಿ ಜೋಳ ಹಾಲುಗಾಳಾಗಿ ನಿಂತಿತ್ತು. ಸಿರ್ಗಾಪುರದೊಳಗೆ ಹೋಗದೆ ಅದರ ಬದಿಯಿಂದಲೇ ಗಾಡಿ ಕಂಗ್ಟಿಯ ದಾರಿ ಹಿಡಿಯಿತು. ಎರಡೂ ಕಡೆ ಕಪ್ಪು ನೆಲ, ಕಡಲೆಯ ಬೆಳೆ. ಮರವಿಲ್ಲ, ಗುಡಿಸಲಿಲ್ಲ. ಸೂರ್ಯ ಏರಿದಂತೆ ನೆರಳುಗಳು ಚಿಕ್ಕದಾಗಿ ಗಾಡಿಯ ಕೆಳಗೆ ಸೇರಿಕೊಂಡವು.

"ಇಲ್ಲಿ ನಿಂದ್ರಸು," ಎಂದಳು ಶಕುಂತಲಾಬಾಯಿ. "ಇನ್ನಷ್ಟು ಮುಂದ. ಹಾಂ, ಇಲ್ಲಿ. ಇಂಜಿನ್ ಬಂದ್ ಮಾಡಬ್ಯಾಡ."

ಅಮರನಾಥ ಗೇರು ತೆಗೆದ. ಗಾಡಿ ನಿಂತಲ್ಲಿ ಸಣ್ಣಗೆ ನಡುಗುತ್ತಿತ್ತು.

"ಅವತ್ತ ನೀನು ಇದ್ದಿ," ಎಂದ.

"ಇದ್ದೆ." ಅವಳು ಮುಂದಿನ ಗಾಜಿನ ಆಚೆ ನೋಡುತ್ತಿದ್ದಳು. "ಸೊಸಿ ಆದಾಕಿ ಗಂಡನ ಬಾಜೂಕ ಕಾರಿನಾಗ ಕೂತು ಮೆರಿಯೋದು ಆವಾಗ ಎಲ್ಲಿತ್ತು? ಹೊಲಕ್ಕ ಬುತ್ತಿ ಒಯ್ತೀನಂತ ಅತ್ತಿ ಮುಂದ ಹೇಳಿದೆ. ನೀ ತೊಟ್ಟಿಲದಾಗ ಮಲಗಿದ್ದಿ. ಊರ ಹೊರಗ ಹಣಮಪ್ಪನ ಗುಡಿ ಹಿಂದ ನಿಂತು ಹತ್ತಿಸ್ಕೊಂಡ್ರು. ಮೂರ್ನಾಕು ಸಲ ಹಂಗ ಹೋಗಿದ್ವಿ. ಯಾರಿಗೂ ಗೊತ್ತಿಲ್ಲ."

"ಜಗಳಾಡಿದ್ರೇನು?"

"ಇಲ್ಲಪ್ಪ. ನಗಾಡ್ಕೋತ ಬಂದ್ವಿ. ಹಸಿ ಕಡ್ಲಿ ಕಂಡ್ವು. ನಿಂದ್ರಸ್ರಿ, ನಾಕು ಕಿತ್ಕೊಂಡು ಬರ್ತೀನಿ ಅಂದೆ. ಬಾಗಿಲು ತೆರದೇ ಬಿಟ್ಟು ಇಳದೆ. ಇಂಜಿನ್ ಹಿಂಗೇ ಓಡಾಕತ್ತಿತ್ತು. ಈ ಕಡಿ ಬಗ್ಗಿ ಕಿತ್ತೆ. 'ಸಾಕು ಬಾ, ಇಡೀ ಹೊಲ ಕೀಳ್ತಿ ಏನು' ಅಂದ್ರು. ಅಂದದ್ದು ಕೇಳೀನಿ. ಇನ್ನೊಂದು ಗಿಡ ಕಿತ್ತು ಹೊಳ್ಳಿ ನೋಡ್ದೆ. ಸೀಟ್ ಖಾಲಿ."

ಅಮರನಾಥ ತನ್ನ ಕಡೆಯ ಬಾಗಿಲನ್ನು ನೋಡಿದ.

"ಅವರ ಬಾಗಿಲ ಸಪ್ಪಳ ಆಗಿಲ್ಲ. ಅದು ತೆರದ್ರ ಹೊಲದ ತುದಿಗಿ ಕೇಳತಿತ್ತು. ಮೊದಲ ನಗಿ ಬಂತು, ಆಟ ಹಚ್ಯಾರ ಅಂತ. ಗಾಡಿ ಸುತ್ತ ತಿರಗಿದೆ. ಕೆಳಗ ಬಗ್ಗಿ ನೋಡ್ದೆ. ಎಲ್ಲಿ ಅಡಗತಾರ ಹೇಳು. ಬೆಳಿ ಮೊಳಕಾಲಮಟ. ಹುಂಜ ಅಡಗಾಕೂ ಜಾಗಿಲ್ಲ. ಕರದೆ, ಕರದೆ. ಕಡೀಕ ಅಡ್ಡ ಬಗ್ಗಿ ಕೀಲಿ ತಿರುವಿದೆ. ಈ ಕಡಿ ತಿರುವಿದ್ರ ಗಾಡಿ ಮಲಗತದ ಅಂತ ಅವರೇ ಕಲಿಸಿದ್ರು. ಬಾಗಿಲು ಮುಚ್ಚಾಕ ಮನಸಾಗ್ಲಿಲ್ಲ. ಮುಚ್ಚಿದ್ರ ಎಲ್ಲಾ ಮುಗದಂಗ ಅನಸ್ತು. ಹೊಲದಾಗಿಂದ ಹಾದು ಮನಿಗಿ ಬಂದೆ. ಬುತ್ತಿ ಗಂಟು ಹಂಗೇ ಇತ್ತು."

"ಯಾರಿಗೂ ಹೇಳ್ಲಿಲ್ಲ."

"ಏನಂತ ಹೇಳ್ಲಿ? ಕೇಳಿದವರು ನನ್ನೇ ಹಿಡೀತಿದ್ರು. ಇಲ್ಲಂದ್ರ ಹುಚ್ಚ ಹಿಡದದ ಅಂತ ತೌರಿಗಿ ಕಳಸ್ತಿದ್ರು. ನೀ ಇಲ್ಲೇ ಉಳೀತಿದ್ದಿ." ಬಳೆಗಳನ್ನು ಹಿಂದಕ್ಕೆ ಸರಿಸಿಕೊಂಡು ಹೇಳಿದಳು, "ಗಾಡಿ ಕೆಟ್ಟಿತ್ತು ಅಂದೆ. ಗಂಡಸು ಮಗಾ, ನಿನಗ ಏನನಾ ಒಂದು ಬೇಕಾಗಿತ್ತು."

ದೂರದಲ್ಲಿ ಯಾರೋ ಹಕ್ಕಿ ಹೊಡೆಯುವ ಕೂಗು ಕೇಳಿ ನಿಂತಿತು.

"ಲಗ್ನದ ಕಾರ್ಡಿಗಿ ಏನ್ ಹೇಳಲಿ ಅವ್ವ, ಲಿಂ. ಹಾಕಸಲೋ ಬ್ಯಾಡೋ?"

"ಹೇಳ್ತೀನಿ ತಡಿ. ನೀ ಮೊದಲ ಇಳಿ."

ಅವನು ಇಳಿದ. ಎಡಗಡೆಯ ಬಾಗಿಲು ತೆರೆಯುವಾಗ ಅವಳು ಹೇಳಿದ ಹಾಗೆಯೇ ದೊಡ್ಡದಾಗಿ ಕಿರುಗುಟ್ಟಿತು. ಅದನ್ನು ಮುಚ್ಚಿ, ಗಾಡಿಯ ಮುಂದಿನಿಂದ ಸುತ್ತಿ ತಾಯಿಯ ಕಡೆ ಬಂದ. ಅಷ್ಟರಲ್ಲಿ ಅವಳು ಅಡ್ಡ ಬಗ್ಗಿ ಎಡಗಡೆಯ ಬಾಗಿಲಿನ ಚಿಲಕವನ್ನು ಒಳಗಿನಿಂದ ಒತ್ತಿದ್ದಳು. ಬಳಿಕ ಬಲಗಡೆಯ ಬಾಗಿಲು ತೆರೆದು, ತೆರೆದೇ ಬಿಟ್ಟು ಇಳಿದಳು.

"ಇಲ್ಲೇ ನಿಂದ್ರು. ಮುಖ ಹೊಲದ ಕಡಿ ಇರ್ಲಿ. ಅವತ್ತ ನಾ ಹೊಳ್ಳಿ ನೋಡೂತನಕ ಅವರು ಸೀಟಿನಾಗೇ ಇದ್ರು. ಈಗ ನಾ ಹೊಳ್ಳಿ ನೋಡೂತನಕ ನೀನೂ ನೋಡಬ್ಯಾಡ."

ಅಮರನಾಥ ಅವಳ ಮುಖ ನೋಡಿದ. ಅಲ್ಲಿ ಭಯವಿರಲಿಲ್ಲ, ಆಸೆಯೆಂದೂ ಹೇಳಲು ಬರುವಂತಿರಲಿಲ್ಲ. ಒಲೆಯ ಮೇಲೆ ಹಾಲಿಟ್ಟು ನಿಂತವಳ ಮುಖದ ಹಾಗಿತ್ತು ಅದು.

ಅವಳು ಬದುವು ದಾಟಿ ಕಡಲೆಯ ಸಾಲಿಗೆ ಇಳಿದಳು. ಗಾಡಿಗೆ ಬೆನ್ನು ಮಾಡಿ ಬಗ್ಗಿದಳು. ಒಂದು ಗಿಡ ಕಿತ್ತಳು, ಬೇರಿನ ಮಣ್ಣು ಕೊಡವಿದಳು, ಸೆರಗಿನಲ್ಲಿ ಹಾಕಿಕೊಂಡಳು. ಇನ್ನೊಂದು ಕಿತ್ತಳು. ಅಮರನಾಥನ ಬೆನ್ನ ಹಿಂದೆ ಇಂಜಿನ್ನು ಒಂದೇ ಸಮ ಓಡುತ್ತಿತ್ತು. ಒಮ್ಮೆ ಅದರ ಸದ್ದು ತುಸು ಏರಿ ಇಳಿಯಿತು. ಹಳೆಯ ಕಾರ್ಬೊರೇಟರುಗಳು ಹಾಗೆ ಮಾಡುವುದುಂಟು. ಅವನು ತಾಯಿಯ ಬೆನ್ನನ್ನೇ ನೋಡುತ್ತ ನಿಂತ.

ಆ ಏರಿದ ಸದ್ದಿಗೆ ಅವಳ ಕೈ ನಿಂತಿತ್ತು. ಈಗ ತಿರುಗುತ್ತಾಳೆ ಎಂದುಕೊಂಡ. ಅವಳು ತಿರುಗಲಿಲ್ಲ. ಮುಂದಿನ ಗಿಡಕ್ಕೆ ಕೈ ಹಾಕಿದಳು.

ಸೆರಗು ತುಂಬಿತು. ಹಸಿರು ಗಿಡಗಳು ಅಂಚಿನಿಂದ ಜಾರಿ ಅವಳ ಕಾಲಿನ ಮೇಲೆ ಬೀಳತೊಡಗಿದವು. ಬಿದ್ದದ್ದನ್ನು ಅವಳು ಎತ್ತಿಕೊಳ್ಳಲಿಲ್ಲ. ಒಂದು ಕೈಯಿಂದ ಸೆರಗಿನ ಭಾರ ಹಿಡಿದು, ಇನ್ನೊಂದು ಕೈಯಿಂದ ಒಂದೊಂದೇ ಕೀಳುತ್ತ, ಸಾಲು ಹಿಡಿದು ಮುಂದೆ ಮುಂದೆ ಹೋದಳು.